ಲಾರಿಯ ಮುಂದೆ ಕೂತವರು ನಮಗೆ ಕಾಣುವುದಿಲ್ಲ: ಕೋಲಾರ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಎಲ್ಲ ಸದಸ್ಯರಿಗೆ ನಮಸ್ಕಾರ.

ನಾನು ಕೋಲಾರ ತಾಲೂಕಿನ ಒಬ್ಬ ಲಾರಿ ಚಾಲಕ. 1991ರಿಂದ 2020ರ ತನಕ ಸ್ಟೀರಿಂಗ್ ಹಿಡಿದಿದ್ದೇನೆ. ಅದಕ್ಕೂ ಮುಂಚೆ ನಾಲ್ಕು ವರ್ಷ ಕ್ಲೀನರ್ ಆಗಿದ್ದೆ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಹೆಂಚು, ಎಲ್ಲವನ್ನೂ ಸಾಗಿಸಿದ್ದೇನೆ. ಈಗ ಮೊಣಕಾಲು ಮಾತು ಕೇಳುತ್ತಿಲ್ಲ. ಮನೆಯಲ್ಲಿ ಎರಡು ಆಕ್ಸಲ್‌ನ ಒಂದು ಲಾರಿ ಇದೆ, ಅಣ್ಣನ ಮಗ ಓಡಿಸುತ್ತಾನೆ. ಟೊಮೆಟೊ ಲೋಡ್ ಆಗುವ ಹೊತ್ತಿಗೆ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಅಭ್ಯಾಸ ಬಿಡುವುದಿಲ್ಲ.

ಎಲ್ಲಾದರೂ ಲಾರಿ ಹರಿದು ಯಾರಾದರೂ ಸತ್ತ ಸುದ್ದಿ ಬಂದರೆ ಟೀ ಅಂಗಡಿಯಲ್ಲಿ ಒಂದೇ ಮಾತು ಶುರುವಾಗುತ್ತದೆ. "ಈ ಚಪ್ಪಟೆ ಮುಖದ ಲಾರಿಗಳೇ ಯಮ. ಹಳೇ ಬಾನೆಟ್ ಲಾರಿ ಇದ್ದಾಗ ಹೀಗಿರಲಿಲ್ಲ. ಅಮೆರಿಕದಲ್ಲಿ ನೋಡಿ, ಎಲ್ಲ ಲಾರಿಗೂ ಮುಂದೆ ಉದ್ದ ಬಾನೆಟ್ ಇದೆ." ಫೋನಿನಲ್ಲಿ ವಿಡಿಯೊ ನೋಡಿರುವ ಹುಡುಗರು ಹೌದು ಅಂತಾರೆ. ಕೆಲವು ಮಾಲೀಕರೂ ತಲೆ ಆಡಿಸುತ್ತಾರೆ. ಇದೇ ಮಾತು ಅರ್ಜಿಯಾಗಿ ನಿಮ್ಮ ಮುಂದೆಯೂ ಬರಬಹುದು. ಬರುವ ಮೊದಲೇ ಎರಡೂ ಬಗೆಯ ಲಾರಿ ಓಡಿಸಿದವನಾಗಿ ನನಗೆ ಗೊತ್ತಿರುವುದನ್ನು ಹೇಳಬೇಕು ಅನ್ನಿಸಿತು. ಬಾನೆಟ್ ಚಾಲಕನನ್ನು ಕಾಯುತ್ತದೆ, ಅದು ನಿಜ. ಆದರೆ ಮುಂದೆ ನಿಂತ ಹಮಾಲಿಯನ್ನು ಅದು ಇನ್ನೂ ಚೆನ್ನಾಗಿ ಮರೆಮಾಡುತ್ತದೆ. ಚಪ್ಪಟೆ ಲಾರಿಯೂ ಮರೆಮಾಡುತ್ತದೆ, ಸ್ವಲ್ಪ ಕಡಿಮೆ. ನಾವು ಈಗ ನೋಡಬೇಕಾದ ಜಾಗ ಆ ಮರೆ. ಅದಕ್ಕೆ ಲಾರಿ ಬದಲಾಯಿಸುವವರೆಗೆ ಕಾಯಬೇಕಾಗಿಲ್ಲ.

ಲಾರಿ ಓಡಿಸದವರಿಗೆ ಮೊದಲು ವ್ಯತ್ಯಾಸ ಹೇಳುತ್ತೇನೆ. ಇಂಜಿನ್ ಮುಂದೆ, ಅದರ ಹಿಂದೆ ಚಾಲಕ ಕೂರುವ ಕ್ಯಾಬಿನ್ ಇದ್ದರೆ ಅದು ಬಾನೆಟ್ ಲಾರಿ. ಕಂಪನಿಯವರು ಅದನ್ನು ಕನ್ವೆನ್ಷನಲ್ ಅಂತಾರೆ. ಇಂಜಿನ್ ಮೇಲೆಯೇ ಕ್ಯಾಬಿನ್ ಕೂರಿಸಿದ್ದರೆ ಅದು ಕ್ಯಾಬ್ ಓವರ್, ನಮ್ಮ ಬಾಯಲ್ಲಿ ಚಪ್ಪಟೆ ಮುಖದ ಲಾರಿ. ಹಳೇ ಬಸ್ಸುಗಳಲ್ಲಿ ಡ್ರೈವರ್ ಪಕ್ಕ ಇಂಜಿನ್‌ನ ಬಿಸಿ ಮುಚ್ಚಳದ ಮೇಲೆ ಕೂತು ಪ್ರಯಾಣ ಮಾಡಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಅಲ್ಲಿ ಇಂಜಿನ್ ನಿಮ್ಮ ಪಕ್ಕದಲ್ಲೇ ಇರುತ್ತಿತ್ತು ಅಲ್ವಾ, ಹಾಗೆ. ಇವೆರಡರ ಮಧ್ಯದ್ದೂ ಒಂದಿದೆ. ಅರ್ಧ ಇಂಜಿನ್ ಮುಂದೆ, ಅರ್ಧ ಕ್ಯಾಬಿನ್ ಒಳಗೆ. ಟಾಟಾದ 1210 ಎಸ್‌ಇ ಆ ಬಗೆಯದು. ಆ ನಂಬರಿಗೂ ಅರ್ಥ ಇದೆ: ಒಟ್ಟು ತೂಕ 12 ಟನ್, ಇಂಜಿನ್ 100 ಕುದುರೆ ಶಕ್ತಿ. ನಾನು ಕೆಲಸ ಕಲಿತದ್ದು ಅದರಲ್ಲೇ. ಗಿಡ್ಡವಾದರೂ ಮುಂದೆ ಮೂಗು ಇದೆ, ಆದ್ದರಿಂದ ಅದನ್ನೂ ಬಾನೆಟ್ ಲಾರಿ ಅಂತಲೇ ಹೇಳುತ್ತೇನೆ.

ಆ ಲಾರಿಯ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಮುಂದಿನ ಚಕ್ರದ ಹಿಂದೆ ಕೂರುತ್ತಿದ್ದೆವು. ಗುಂಡಿಗೆ ಬಿದ್ದರೆ ಮೊದಲು ಚಕ್ರ ಏಳುತ್ತಿತ್ತು, ಆಮೇಲೆ ನಾವು. ಬೆನ್ನಿಗೆ ಪೆಟ್ಟು ಕಡಿಮೆ. ಚಪ್ಪಟೆ ಲಾರಿಯಲ್ಲಿ ಸೀಟು ಚಕ್ರದ ಮೇಲೆ ಅಥವಾ ಅದಕ್ಕಿಂತ ಮುಂದೆ ಇರುತ್ತದೆ. ಪ್ರತಿ ಗುಂಡಿಯೂ ನೇರ ಸೊಂಟಕ್ಕೆ ಬಂದು ಬಡಿಯುತ್ತದೆ. ಈಗಿನ ಹೊಸ ಲಾರಿಗಳಲ್ಲಿ ಕ್ಯಾಬಿನ್ ಕೆಳಗೆ ಸ್ಪ್ರಿಂಗು, ಗಾಳಿ ತುಂಬಿದ ಸೀಟು ಬಂದಿವೆ. ಅವು ಇಲ್ಲದ ಕಾಲದಲ್ಲಿ ನಾನು ಹದಿನೇಳು ವರ್ಷ ಚಪ್ಪಟೆ ಲಾರಿ ಓಡಿಸಿದೆ. ನನ್ನ ಬೆನ್ನು, ಮೊಣಕಾಲು ಎರಡೂ ಅದಕ್ಕೆ ಸಾಕ್ಷಿ.

ಬಾನೆಟ್ ಲಾರಿಯ ಇನ್ನೊಂದು ಸುಖ ರಿಪೇರಿ. ದಾರಿಯಲ್ಲಿ ಬೆಲ್ಟ್ ಹೋಯಿತು ಅಂದರೆ ಬಾನೆಟ್ ಎತ್ತಿ, ಬಂಪರ್ ಮೇಲೆ ನಿಂತು ಕೆಲಸ ಮುಗಿಸುತ್ತಿದ್ದೆವು. ಮೊದಮೊದಲು ನಾನು ಓಡಿಸಿದ ಚಪ್ಪಟೆ ಲಾರಿಯಲ್ಲಿ ಕ್ಯಾಬಿನ್ ಅಲ್ಲಾಡುತ್ತಿರಲಿಲ್ಲ. ಒಳಗೆ ಕೂತು, ಇಂಜಿನ್ ಮೇಲಿನ ಮುಚ್ಚಳ ತೆಗೆದು, ಆ ಬಿಸಿಯಲ್ಲೇ ಕೈ ಹಾಕಬೇಕಿತ್ತು. ಆಮೇಲೆ ಇಡೀ ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಗಳು ಬಂದವು. ಮೆಕ್ಯಾನಿಕ್‌ಗಳಿಗೆ ಇದು ದೊಡ್ಡ ಅನುಕೂಲ. ಆದರೆ ಕ್ಯಾಬಿನ್ ಬಾಗಿಸುವ ಮೊದಲು ದೇವರ ಪಟದಿಂದ ಹಿಡಿದು ಊಟದ ಡಬ್ಬಿಯವರೆಗೆ ಎಲ್ಲ ಕೆಳಗಿಳಿಸಬೇಕು. ಇಲ್ಲವಾದರೆ ಎಲ್ಲವೂ ಗಾಜಿನ ಮೇಲೆ ಬಂದು ಬೀಳುತ್ತದೆ.

ಈಗ ಚಾಲಕನ ಜೀವದ ಮಾತು. 1996ರಲ್ಲಿ ಟೊಮೆಟೊ ತುಂಬಿಕೊಂಡು ಚೆನ್ನೈಗೆ ಹೊರಟಿದ್ದೆ. ಮುಳಬಾಗಿಲು, ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುತ್ತಿದ್ದೆ. ಗೇರ್ ಇಳಿಸುವುದು ತಡ ಮಾಡಿದೆ. ತಪ್ಪು ನನ್ನದೇ. ಲಾರಿ ಹಿಡಿತಕ್ಕೆ ಸಿಗದೆ ರಸ್ತೆ ಪಕ್ಕದ ದಿಬ್ಬಕ್ಕೆ ಹೊಡೆಯಿತು. ಬಾನೆಟ್ ಮುದುಡಿ ಗಾಜಿನ ಹತ್ತಿರ ಬಂದಿತ್ತು. ರೇಡಿಯೇಟರ್, ಫ್ಯಾನ್ ಎಲ್ಲ ಒಂದೇ ಮುದ್ದೆ. ನಾನು ಬಾಗಿಲು ಒದ್ದು ಕೆಳಗಿಳಿದೆ. ಗಲ್ಲಕ್ಕೆ ಐದು ಹೊಲಿಗೆ, ಅಷ್ಟೇ. ನನ್ನ ಮೈಗೆ ಬರಬೇಕಾದ ಪೆಟ್ಟನ್ನು ಮೂರು ಅಡಿ ಕಬ್ಬಿಣ ತಿಂದಿತ್ತು.

ನನ್ನ ಜೊತೆಗಾರ ಒಬ್ಬನಿಗೆ ಆ ಮೂರು ಅಡಿ ಇರಲಿಲ್ಲ. ಚಪ್ಪಟೆ ಲಾರಿ. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಹಿಂದಿನ ದೀಪ ಹಾಕದೆ ನಿಲ್ಲಿಸಿದ್ದ ಒಂದು ಗಾಡಿಗೆ ಹಿಂದಿನಿಂದ ಗುದ್ದಿದ. ವೇಗ ಜಾಸ್ತಿ ಇರಲಿಲ್ಲ. ಆದರೂ ಡ್ಯಾಶ್‌ಬೋರ್ಡ್ ಹಿಂದಕ್ಕೆ ಬಂದು ಎರಡೂ ಕಾಲು ಸಿಕ್ಕಿಕೊಂಡವು. ತಗಡು ಕತ್ತರಿಸಿ ಅವನನ್ನು ಹೊರಗೆ ತೆಗೆಯಲು ಎರಡು ಗಂಟೆ ಆಯಿತು. ಅಷ್ಟು ಹೊತ್ತೂ ಅವನಿಗೆ ಎಚ್ಚರ ಇತ್ತು. ಬಲಗಾಲು ಉಳಿಯಲಿಲ್ಲ. ಈಗ ಊರಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಹೋದಾಗಲೆಲ್ಲ "ಅಣ್ಣ, ಬಂಪರ್‌ಗೂ ನನ್ನ ಮೊಣಕಾಲಿಗೂ ಒಂದು ಗೇಣಷ್ಟೇ ಇತ್ತು" ಅಂತಾನೆ. ಕ್ಯಾಬಿನ್ ಎಷ್ಟು ಪೆಟ್ಟು ತಡೆಯಬೇಕು ಅನ್ನುವುದಕ್ಕೆ ಈಗ ಪರೀಕ್ಷೆಗಳಿವೆ. ದೊಡ್ಡ ತೂಕವನ್ನು ಲೋಲಕದ ಹಾಗೆ ತೂಗುಬಿಟ್ಟು ಕ್ಯಾಬಿನ್ ಮುಂಭಾಗಕ್ಕೆ ಬಡಿಸುತ್ತಾರೆ. ಚಾಲಕ ಬದುಕುವಷ್ಟು ಜಾಗ ಒಳಗೆ ಉಳಿಯಬೇಕು. ಹೊಸ ಕ್ಯಾಬಿನ್‌ಗಳು ಹಳೆಯದಕ್ಕಿಂತ ಎಷ್ಟೋ ಗಟ್ಟಿ, ಒಪ್ಪುತ್ತೇನೆ. ಆದರೆ ಮುದುಡಿ ಪೆಟ್ಟು ತಿನ್ನಲು ಮುಂದೆ ಜಾಗವೇ ಇಲ್ಲದ ಕಡೆ ಗಟ್ಟಿ ಕಬ್ಬಿಣಕ್ಕೂ ಮಿತಿ ಇದೆ.

ಹಾಗಾದರೆ ಬಾನೆಟ್ ಲಾರಿಯೇ ಬರಲಿ ಅನ್ನಬಹುದಲ್ಲ? ಅದು ಯಾಕೆ ಹೋಯಿತು ಅನ್ನುವುದನ್ನು ಮೊದಲು ನೋಡಬೇಕು.

ಲಾರಿಯ ಮುಖ ಹೇಗಿರಬೇಕು ಅಂತ ತೀರ್ಮಾನ ಮಾಡಿದ್ದು ಬಹುಪಾಲು ಉದ್ದದ ಕಾನೂನು. ನಮ್ಮಲ್ಲಿ ಟ್ರೇಲರ್ ಇಲ್ಲದ ದೊಡ್ಡ ಲಾರಿ 12 ಮೀಟರ್ ದಾಟುವಂತಿಲ್ಲ. ಆ ಉದ್ದದಲ್ಲೇ ಬಾನೆಟ್, ಕ್ಯಾಬಿನ್, ಬಾಡಿ ಮೂರೂ ಬರಬೇಕು. ಬಾನೆಟ್‌ಗೆ ನಾಲ್ಕು ಅಡಿ ಕೊಟ್ಟರೆ ಬಾಡಿಯಲ್ಲಿ ನಾಲ್ಕು ಅಡಿ ಹೋಯಿತು. ನಾನು ಕ್ರೇಟಿನ ಲೆಕ್ಕದಲ್ಲಿ ಹೇಳುತ್ತೇನೆ, ಅದೇ ನನಗೆ ಬರುವುದು. ನಾಲ್ಕು ಅಡಿ ಉದ್ದದಲ್ಲಿ ಕ್ರೇಟಿನ ಎರಡು ಸಾಲು ಕೂರುತ್ತವೆ. ಒಂದು ಸಾಲಿಗೆ ಅಡ್ಡಡ್ಡ ಆರು. ಏಳು ಎತ್ತರ ಜೋಡಿಸಿದರೆ 84 ಕ್ರೇಟು. ಒಂದರಲ್ಲಿ 15 ಕಿಲೊ ಅಂದರೆ 1,260 ಕಿಲೊ ಟೊಮೆಟೊ. 2023ರ ಜುಲೈನಲ್ಲಿ ಕೋಲಾರದಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ನಿಮಗೆಲ್ಲ ನೆನಪಿರುತ್ತದೆ. ಆ ದಿನ 84 ಕ್ರೇಟು ಬಿಟ್ಟು ಹೋಗಿ ಅಂದರೆ ಯಾವ ವ್ಯಾಪಾರಿ ಒಪ್ಪುತ್ತಾನೆ? ಬೆಲೆ ಬಿದ್ದ ದಿನ ಬಾಡಿಗೆಯೇ ಹುಟ್ಟುವುದಿಲ್ಲ, ಆಗ ಮಾಲೀಕನೂ ಒಪ್ಪುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕವನ್ನು 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು. ತೂಕ ಏರಿದ ಮೇಲೆ ಅದನ್ನು ತುಂಬಲು ಜಾಗ ಬೇಕೇ ಬೇಕು.

ಅಮೆರಿಕದ ಕಥೆ ಬೇರೆ. ಅಲ್ಲೂ ಒಂದು ಕಾಲಕ್ಕೆ ಚಪ್ಪಟೆ ಮುಖದ ಲಾರಿಗಳು ತುಂಬಾ ಇದ್ದವು. ಆಗ ಅಲ್ಲಿನ ರಾಜ್ಯಗಳು ಲಾರಿ ಮತ್ತು ಟ್ರೇಲರ್ ಎರಡನ್ನೂ ಸೇರಿಸಿ ಉದ್ದ ಅಳೆಯುತ್ತಿದ್ದವು. ಮೂಗು ಮೊಂಡು ಮಾಡಿದಷ್ಟೂ ಟ್ರೇಲರ್ ಉದ್ದ ಸಿಗುತ್ತಿತ್ತು. 1982ರ ಕಾನೂನು ದೊಡ್ಡ ಹೆದ್ದಾರಿಗಳಲ್ಲಿ ಆ ಒಟ್ಟು ಅಳತೆಯನ್ನು ತೆಗೆದುಹಾಕಿತು. ಟ್ರೇಲರ್ ಮಾತ್ರ ಅಳೆಯಿರಿ ಅಂದಿತು. ಆಮೇಲೆ ಮೂಗು ಎಷ್ಟು ಉದ್ದ ಇದ್ದರೂ ಲೋಡ್ ಕಡಿಮೆ ಆಗುವುದಿಲ್ಲ. ಚಾಲಕರಿಗೆ ಬಾನೆಟ್ ಲಾರಿಯ ಓಟ ಹಿತ. ಎಲ್ಲರೂ ಆ ಕಡೆ ಹೋದರು. ಫ್ರೈಟ್‌ಲೈನರ್ ಕಂಪನಿ ತನ್ನ ಆರ್ಗಸಿ ಅನ್ನುವ ದೊಡ್ಡ ಚಪ್ಪಟೆ ಲಾರಿಯನ್ನು 2006ರ ಹೊತ್ತಿಗೆ ಅಲ್ಲಿ ಮಾರುವುದನ್ನೇ ನಿಲ್ಲಿಸಿತು.

ಯುರೋಪಿನಲ್ಲಿ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಇವತ್ತಿಗೂ ಲಾರಿ, ಟ್ರೇಲರ್ ಸೇರಿ ಸಾಮಾನ್ಯ ಮಿತಿ 16.5 ಮೀಟರ್. ಟ್ರೇಲರ್ ಒಂದೇ 13.6 ಮೀಟರ್ ತಿನ್ನುತ್ತದೆ. ಮಿಕ್ಕಿದ ಮೂರು ಮೀಟರ್ ಒಳಗೆ ಕ್ಯಾಬಿನ್ನೂ ಆಗಬೇಕು, ನಡುವಿನ ಸಂದೂ ಆಗಬೇಕು. ಬಾನೆಟ್‌ಗೆ ಜಾಗ ಎಲ್ಲಿಂದ ತರುತ್ತಾರೆ? ನಮ್ಮ ನರಸಾಪುರಕ್ಕೆ ಬಂದು ಕಾರ್ಖಾನೆ ಹಾಕಿದ ಸ್ಕ್ಯಾನಿಯಾ ಕಂಪನಿಯವರು ಯುರೋಪಿನಲ್ಲಿ ಬಾನೆಟ್ ಇರುವ ಟಿ ಸೀರೀಸ್ ಲಾರಿ ಮಾಡುತ್ತಿದ್ದರು. ಕೊಳ್ಳುವವರು ಕಡಿಮೆಯಾಗಿ 2005ರಲ್ಲಿ ನಿಲ್ಲಿಸಿದರು. 1998ರಲ್ಲಿ ಹೊಸಕೋಟೆಯಲ್ಲಿ ವೋಲ್ವೋ ಲಾರಿಗಳು ತಯಾರಾಗತೊಡಗಿದಾಗ ನಾವು ಕೋಲಾರದ ಡ್ರೈವರ್‌ಗಳು ದಾರಿಯಲ್ಲಿ ಗಾಡಿ ನಿಧಾನ ಮಾಡಿ ನೋಡುತ್ತಿದ್ದೆವು. ಅಷ್ಟು ದೊಡ್ಡ ಕ್ಯಾಬಿನ್ ನಾವು ಕಂಡಿರಲಿಲ್ಲ. ಅದೂ ಚಪ್ಪಟೆ ಮುಖದ್ದೇ.

ಗಾಳಿಯ ಮಾತೂ ಬರುತ್ತದೆ. ಉದ್ದ ಮೂಗು ಗಾಳಿ ಸೀಳುತ್ತದೆ, ಡೀಸೆಲ್ ಉಳಿಯುತ್ತದೆ ಅಂತಾರೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹಗಲೂ ರಾತ್ರಿ ಒಂದೇ ವೇಗದಲ್ಲಿ ಓಡುವ ದೇಶದಲ್ಲಿ ಅದು ದೊಡ್ಡ ಲಾಭ. ನಮ್ಮ ಲಾರಿಗಳಿಗೆ 80 ಕಿಲೊಮೀಟರ್‌ಗೆ ಸ್ಪೀಡ್ ಗವರ್ನರ್ ಇದೆ. ಟೋಲು, ಹಂಪು, ಊರು, ದನ ಎಲ್ಲ ದಾಟಿ ಹೋಗುವವರಿಗೆ ಆ ಲಾಭ ಅಷ್ಟಾಗಿ ಸಿಗುವುದಿಲ್ಲ.

ತಿರುವು ಮಾತ್ರ ನಮಗೆ ತುಂಬಾ ಮುಖ್ಯ. ಬೆಳಗಿನ ಜಾವ ಟೊಮೆಟೊ ಮಾರುಕಟ್ಟೆಗೆ ಬಂದು ನೋಡಿ. ಹಳ್ಳಿಗಳಿಂದ ಬಂದ ಟೆಂಪೊ, ಆಟೊ, ಟ್ರಾಕ್ಟರ್. ಹೊರ ರಾಜ್ಯಕ್ಕೆ ಹೋಗುವ ಲಾರಿಗಳ ಸಾಲು. ಮಧ್ಯೆ ತಲೆ ಮೇಲೆ ಕ್ರೇಟು ಹೊತ್ತ ಹಮಾಲಿಗಳು. ಅಲ್ಲಿ ಒಂದು ಲಾರಿ ತಿರುಗಿಸಿ ಮಂಡಿ ಮುಂದೆ ನಿಲ್ಲಿಸಬೇಕು ಅಂದರೆ ಚಿಕ್ಕ ಗಾಡಿಯೇ ಬೇಕು. ಅಷ್ಟೇ ಬಾಡಿ ಇರುವ ಬಾನೆಟ್ ಲಾರಿಗೆ ಚಕ್ರದಿಂದ ಚಕ್ರಕ್ಕೆ ದೂರ ಜಾಸ್ತಿ. ತಿರುಗಲು ಜಾಗವೂ ಜಾಸ್ತಿ. ಚಪ್ಪಟೆ ಲಾರಿ ಒಂದೇ ಕಟ್‌ನಲ್ಲಿ ತಿರುಗುವ ಕಡೆ ಅದು ಎರಡು ಸಲ ಹಿಂದೆ ಮುಂದೆ ಆಗಬೇಕು. ಹಾಗೆ ಹಿಂದೆ ಮುಂದೆ ಆದಷ್ಟೂ ಯಾರಾದರೂ ಮಧ್ಯೆ ಸಿಕ್ಕಿಕೊಳ್ಳುವ ಭಯ ಹೆಚ್ಚು. ಆದ್ದರಿಂದ ನಮ್ಮ ಅಂಗಳಗಳಿಗೆ, ನಮ್ಮ ಊರೊಳಗಿನ ರಸ್ತೆಗಳಿಗೆ ಚಪ್ಪಟೆ ಲಾರಿಯೇ ಸರಿ. ಬೆನ್ನು ಹೋದವನಾಗಿಯೂ ನಾನು ಈ ಮಾತು ಹೇಳುತ್ತಿದ್ದೇನೆ.

ಈಗ ನಾನು ಈ ಪತ್ರ ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ.

2009ರ ಚಳಿಗಾಲ. ಬೇರೆ ರಾಜ್ಯದ ಒಂದು ಮಾರುಕಟ್ಟೆ. ಊರಿನ ಹೆಸರು ಬೇಡ. ಕ್ರೇಟು ಇಳಿಸಿ ಮುಗಿದಿತ್ತು. ಲೆಕ್ಕದ ಚೀಟಿ ಕೈಗೆ ಬಂತು. ಎಡಗಡೆ ಕನ್ನಡಿ ನೋಡಿದೆ, ಬಲಗಡೆ ನೋಡಿದೆ. ಮುಂದೆ ಖಾಲಿ. ಹಾರ್ನ್ ಹೊಡೆದು ಕ್ಲಚ್ ಬಿಟ್ಟೆ. ಯಾರೋ ಬಾಗಿಲಿಗೆ ದಬದಬ ಬಡಿದರು. ಬ್ರೇಕ್ ಒತ್ತಿ ಇಳಿದು ನೋಡಿದರೆ ಬಂಪರ್ ಕೆಳಗೆ ಒಬ್ಬ ಹಮಾಲಿ ಬಿದ್ದಿದ್ದಾನೆ. ಇಪ್ಪತ್ತು ವರ್ಷದ ಹುಡುಗ. ಬಿದ್ದ ಟೊಮೆಟೊ ಆರಿಸಲು ಲಾರಿ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದನಂತೆ. ಬಂಪರ್ ತಳ್ಳಿ ಬೀಳಿಸಿತ್ತು, ಮಣಿಕಟ್ಟು ಮುರಿದಿತ್ತು. ಚಕ್ರ ಅವನ ಕಾಲಿಗೆ ಒಂದು ಮೊಳ ದೂರದಲ್ಲಿ ನಿಂತಿತ್ತು. ಜನ ಸೇರಿದರು. ಕುಡಿದಿದ್ದೀಯಾ ಅಂದರು. ನಾನು ಜೀವಮಾನದಲ್ಲಿ ಕುಡಿದವನಲ್ಲ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪ್ಲಾಸ್ಟರ್ ಹಾಕಿಸಿ, ಸಂಜೆ ತನಕ ಜೊತೆಗೆ ಕೂತಿದ್ದೆ. ಅವನು ಒಂದೇ ಮಾತು ಕೇಳಿದ, ಅವನ ಭಾಷೆಯಲ್ಲಿ. "ನಾನು ಎದುರಿಗೇ ಇದ್ದೆನಲ್ಲ, ಕಾಣಲಿಲ್ಲವಾ?"

ಕಾಣಲಿಲ್ಲ. ಅದೇ ಸತ್ಯ. ಎದುರಿಗೆ ಇದ್ದವನೇ ಕಾಣಲಿಲ್ಲ. ನಾವು ಎಂಟು ಅಡಿ ಎತ್ತರದಿಂದ ನೋಡುತ್ತೇವೆ. ಗಾಜಿನ ಕೆಳ ಅಂಚು ಎದೆ ಮಟ್ಟಕ್ಕೆ ಇರುತ್ತದೆ. ಅದರ ಕೆಳಗೆ, ಬಂಪರ್‌ಗೆ ಅಂಟಿಕೊಂಡಂತೆ ಇರುವ ಜಾಗ ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಕೆಳಗಿನವನಿಗೆ ಮಾತ್ರ ದೊಡ್ಡ ಗಾಜು, ಅದರ ಹಿಂದೆ ಡ್ರೈವರ್ ತಲೆ ಕಾಣುತ್ತದೆ. ನನಗೆ ಅವನು ಕಂಡರೆ ಅವನಿಗೆ ನಾನೂ ಕಾಣುತ್ತೇನೆ ಅಂದುಕೊಳ್ಳುತ್ತಾನೆ.

ಅಣ್ಣನ ಮಗ ಲಾರಿ ಹಿಡಿದ ಮೇಲೆ ಒಂದು ದಿನ ಇದನ್ನು ಅಳೆದೇ ನೋಡೋಣ ಅಂದೆ. ಮನೆ ಮುಂದೆ ಲಾರಿ ನಿಲ್ಲಿಸಿ ಅವನನ್ನು ಸೀಟಿನಲ್ಲಿ ಕೂರಿಸಿದೆ. ಬಂಪರ್ ಮುಂದೆ ಖಾಲಿ ಕ್ರೇಟು ಇಟ್ಟೆ. ಒಂದು ಕ್ರೇಟು ಹೆಚ್ಚುಕಡಿಮೆ ಒಂದು ಅಡಿ ಎತ್ತರ. ಅದನ್ನು ಬಂಪರ್‌ನಿಂದ ದೂರ ಸರಿಸುತ್ತಾ ಹೋದೆ. ಐದು ಅಡಿ ದೂರ ಬಂದ ಮೇಲೆ "ಈಗ ಕಂಡಿತು ಚಿಕ್ಕಪ್ಪ" ಅಂದ. ಮೂರು ಕ್ರೇಟು ಒಂದರ ಮೇಲೊಂದು ಇಟ್ಟೆ. ಕುಕ್ಕರಗಾಲಲ್ಲಿ ಕೂತ ಮನುಷ್ಯನ ಎತ್ತರ ಅದು. ಮೂರು ಅಡಿ ದೂರದವರೆಗೆ ಕಾಣಲಿಲ್ಲ. ಅಂದರೆ ಬಂಪರ್‌ಗೆ ಒರಗಿ ಕೂತ ಮನುಷ್ಯ ಪೂರ್ತಿ ಮರೆ. ಆಮೇಲೆ ಪರಿಚಯದ ಗ್ಯಾರೇಜಿನಲ್ಲಿ ನಿಂತಿದ್ದ ಒಂದು ಹಳೇ ಬಾನೆಟ್ ಲಾರಿಯಲ್ಲೂ ಇದೇ ಮಾಡಿದೆವು. ಒಂದು ಕ್ರೇಟು ಕಾಣಲು ಹನ್ನೊಂದು ಅಡಿ ಬೇಕಾಯಿತು. ಮೂರು ಕ್ರೇಟಿಗೆ ಆರು ಅಡಿ. ಅದು ಇನ್ನೂ ಗಿಡ್ಡ ಬಾನೆಟ್. ಅಮೆರಿಕದ ಉದ್ದ ಬಾನೆಟ್ ಲಾರಿಗಳ ಮುಂದೆ 20 ಅಡಿ ಕಾಣದ ಜಾಗ ಅಂತ ಅಲ್ಲಿನ ಸರ್ಕಾರವೇ ಜನರಿಗೆ ಎಚ್ಚರಿಕೆ ಹೇಳುತ್ತದೆ. ಟೀ ಅಂಗಡಿಯಲ್ಲಿ ಬಾನೆಟ್ ಬೇಕು ಅನ್ನುವವರು ದಯವಿಟ್ಟು ಈ ಅಳತೆ ನೋಡಿ. ನಮ್ಮ ಮಾರುಕಟ್ಟೆ ಅಂಗಳದಲ್ಲಿ 20 ಅಡಿ ಒಳಗೆ ಎಷ್ಟು ಜನ ಇರುತ್ತಾರೆ ಅಂತ ಲೆಕ್ಕ ಹಾಕಿ.

ಬೇರೆ ದೇಶದವರು ಇದಕ್ಕೆ ಏನು ಮಾಡಿದರು? ಯುರೋಪಿನಲ್ಲಿ 2007ರಿಂದ ಹೊಸ ದೊಡ್ಡ ಲಾರಿಗಳಿಗೆ ಮುಂದಿನ ಕನ್ನಡಿ ಕಡ್ಡಾಯ. ಗಾಜಿನ ಮೇಲ್ತುದಿಯಿಂದ ಮುಂದಕ್ಕೆ ಚಾಚಿಕೊಂಡ ಉಬ್ಬು ಕನ್ನಡಿ ಅದು. ಅದರಲ್ಲಿ ಬಂಪರ್ ಮುಂದಿನ ನೆಲ ಕಾಣುತ್ತದೆ. ಲಂಡನ್ ನಗರದವರು ಇನ್ನೂ ಮುಂದೆ ಹೋದರು. ಕನ್ನಡಿ ಇಲ್ಲದೆ ಚಾಲಕನ ಕಣ್ಣಿಗೆ ನೇರವಾಗಿ ಎಷ್ಟು ಕಾಣುತ್ತದೆ ಅಂತ ನೋಡಿ 12 ಟನ್‌ಗಿಂತ ದೊಡ್ಡ ಲಾರಿಗಳಿಗೆ ಸೊನ್ನೆಯಿಂದ ಐದು ನಕ್ಷತ್ರ ಕೊಟ್ಟರು. 2021ರಿಂದ ನಕ್ಷತ್ರವೇ ಇಲ್ಲದ ಲಾರಿ ಹೆಚ್ಚುವರಿ ಸುರಕ್ಷತಾ ಸಾಧನ ಹಾಕಿಕೊಳ್ಳದೆ ಊರೊಳಗೆ ಬರುವಂತಿಲ್ಲ. 2024ರ ಅಕ್ಟೋಬರ್‌ನಿಂದ ಆ ಮಟ್ಟವನ್ನು ಮೂರು ನಕ್ಷತ್ರಕ್ಕೆ ಏರಿಸಿದ್ದಾರೆ.

ನಮ್ಮ ದೇಶದಲ್ಲೂ ಒಳ್ಳೆಯ ಹೆಜ್ಜೆಗಳಿವೆ. 3.5 ಟನ್‌ಗಿಂತ ಮೇಲಿನ ಹೊಸ ಸರಕು ಲಾರಿಗಳ ಕ್ಯಾಬಿನ್‌ಗೆ 2025ರಿಂದ ಎಸಿ ಕಡ್ಡಾಯ ಆಗಿದೆ. ಇಂಜಿನ್ ಬಿಸಿ ಮೇಲೆ ಬೇಸಿಗೆ ಕಳೆದವರಿಗೆ ಇದರ ಬೆಲೆ ಗೊತ್ತು. ಆದರೆ ಹೊಸ ನಿಯಮಗಳು ಹೊಸ ಲಾರಿಗೆ. ಮಂಡಿ ಮುಂದೆ ನಿಂತಿರುವ ಸಾಲಿನಲ್ಲಿ ಹತ್ತು, ಹದಿನೈದು ವರ್ಷದ ಗಾಡಿಗಳೇ ಜಾಸ್ತಿ. ಅವು ಇನ್ನೂ ಎಷ್ಟೋ ವರ್ಷ ಓಡುತ್ತವೆ. ಆ ಗಾಡಿಗಳ ಮುಂದೆಯೇ ನಮ್ಮ ಹಮಾಲಿಗಳು ನಾಳೆ ಬೆಳಗ್ಗೆ ಓಡಾಡಬೇಕು.

ಆದ್ದರಿಂದ ನಿಮ್ಮ ಸಮಿತಿಯಿಂದ ನಾನು ಕೇಳುವುದು ಜಿಲ್ಲೆಯಲ್ಲೇ ಆಗುವ ಕೆಲಸ. ಮೊದಲನೆಯದು ಆ ಮುಂದಿನ ಕನ್ನಡಿ. ಒಂದು ಟೈರ್‌ನ ಬೆಲೆ ಮುಂದೆ ಅದರ ಬೆಲೆ ಏನೂ ಅಲ್ಲ. ಮಾಲೀಕರ ಸಂಘದವರನ್ನು ಕರೆದು ಮಾತಾಡಿ. ಕೋಲಾರದಲ್ಲಿ ಲೋಡ್ ತುಂಬುವ ಪ್ರತಿ ಲಾರಿಗೂ ಕನ್ನಡಿ ಇರಲಿ ಅನ್ನಿ. ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರಕ್ಕೆ, ಬಂದಾಗ ಸಾರಿಗೆ ಇಲಾಖೆಯವರು ಅದನ್ನೂ ನೋಡಲಿ. ನಮ್ಮ ಲಾರಿಗೆ ಹಾಕಿಸಿದ್ದೇವೆ. ಹಾಕಿಸಿದ ಮೇಲೆ ಮತ್ತೆ ಕ್ರೇಟು ಇಟ್ಟು ನೋಡಿದೆವು. ಬಂಪರ್‌ಗೆ ತಾಗಿಸಿ ಇಟ್ಟ ಕ್ರೇಟೂ ಕಂಡಿತು.

ಜೊತೆಗೆ ಗಾಜು. ನನ್ನ ಚಾಲಕ ಬಂಧುಗಳಿಗೂ ಇಲ್ಲೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಾಜಿನ ಮೇಲೆ ಅರ್ಧ ಅಡಿ ಪಟ್ಟಿ ಅಂಟಿಸಿ ಮಕ್ಕಳ ಹೆಸರು ಬರೆಸುತ್ತೇವೆ. ಕೆಳಗೆ ಡ್ಯಾಶ್‌ಬೋರ್ಡ್ ತುಂಬಾ ಬೊಂಬೆ, ಹೂವು, ಟವೆಲ್ಲು. ಆ ಕೆಳ ಅಂಚಿನ ನಾಲ್ಕು ಇಂಚು ತೆರೆದಿದ್ದರೆ ಮುಂದೆ ಒಂದು ಅಡಿ ನೆಲ ಹೆಚ್ಚು ಕಾಣುತ್ತದೆ. ದೇವರ ಪಟ ಮೇಲೆ ಇರಲಿ, ನಾನೂ ಇಟ್ಟವನೇ. ಗಾಜಿನ ಕೆಳಗಡೆ ಖಾಲಿ ಬಿಡಿ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಕ್ಲೀನರ್. ನಾನು ಕ್ಲೀನರ್ ಆಗಿದ್ದಾಗ ನನ್ನ ಗುರುಗಳು ಗಾಡಿ ಸ್ಟಾರ್ಟ್ ಮಾಡುವ ಮೊದಲು "ಇಳಿದು ಒಂದು ಸುತ್ತು ಬಾರೋ" ಅನ್ನುತ್ತಿದ್ದರು. ಟೈರ್ ತಟ್ಟಿ, ಕೆಳಗೆ ಬಗ್ಗಿ ನೋಡಿ, ಮುಂದೆ ನಿಂತು ಕೈ ಎತ್ತಿ "ರೈಟ್" ಅಂದ ಮೇಲೆಯೇ ಗಾಡಿ ಹೊರಡುತ್ತಿತ್ತು. ಹಿಂದೆ ತೆಗೆಯುವಾಗ "ಬರ್ಲಿ ಬರ್ಲಿ, ಹೋಲ್ಡಾನ್" ಅಂತ ನಾನೇ ಕೂಗುತ್ತಿದ್ದೆ. ಕ್ಯಾಬಿನ್‌ನಿಂದ ಕಾಣದ್ದನ್ನು ಕ್ಲೀನರ್ ಕೆಳಗೆ ನಿಂತು ನೋಡುತ್ತಿದ್ದ. ಈಗ ಖರ್ಚು ಉಳಿಸಲು ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇಲ್ಲ. ಚಾಲಕ ಒಬ್ಬನೇ, ನಿದ್ದೆ ಇಲ್ಲದೆ ಬಂದಿರುತ್ತಾನೆ. ಅವನಿಗೆ ಇಳಿದು ಸುತ್ತು ಬರಲು ತ್ರಾಣವೇ ಇರುವುದಿಲ್ಲ. ಪ್ರತಿ ಲಾರಿಗೂ ಕ್ಲೀನರ್ ಇಡಿ ಅಂತ ಹೇಳುವ ಅಧಿಕಾರ ನಿಮಗಿಲ್ಲ ಅಂತ ಗೊತ್ತು. ಆದರೆ ಮಾರುಕಟ್ಟೆ ಅಂಗಳದ ಒಳಗೆ ಲಾರಿ ಅಲುಗಾಡುವಾಗ ಮುಂದೆ ಒಬ್ಬ ನಿಂತು ಕೈ ತೋರಿಸಬೇಕು ಅನ್ನುವ ಪದ್ಧತಿ ತರಬಹುದು. ಅದಕ್ಕೆ ನಾಲ್ಕು ಜನ, ಒಂದೊಂದು ಸೀಟಿ, ಹೊಳೆಯುವ ಜಾಕೆಟ್ ಸಾಕು. ವಯಸ್ಸಾಗಿ ಭಾರ ಎತ್ತಲಾಗದ ಹಮಾಲಿಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಗಳದ ಒಂದೊಂದು ಅಡಿಯೂ ಅವರಿಗೆ ಗೊತ್ತು. ಆ ಕೆಲಸ ಅವರಿಗೆ ಕೊಡಿ.

ಹಮಾಲಿಗಳು ನಡೆಯಲು ಬಿಳಿ ಗೆರೆ ಎಳೆದು ದಾರಿ ಬಿಡಿಸಿ. ಅದು ಲಾರಿಗಳ ಹಿಂಭಾಗದ ಕಡೆಯಿಂದ ಹೋಗಲಿ, ಮುಂಭಾಗ ದಾಟುವಂತೆ ಬೇಡ. ಬಿದ್ದ ಹಣ್ಣು ಆರಿಸಲು ಬರುವ ಹೆಂಗಸರು, ಮಕ್ಕಳಿಗೂ ಇದನ್ನು ತಿಳಿಸಿ ಹೇಳಬೇಕು. ಶಾಲೆಗಳಲ್ಲಿ ಸುರಕ್ಷತಾ ಸಪ್ತಾಹ ಮಾಡುತ್ತೀರಿ. ಆ ದಿನ ಒಂದು ಲಾರಿ ನಿಲ್ಲಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಡ್ರೈವರ್ ಸೀಟಿನಲ್ಲಿ ಕೂರಿಸಿ. ಅವರ ಗೆಳೆಯ ಬಂಪರ್ ಮುಂದೆ ಬಂದು ಮಾಯ ಆಗುವುದನ್ನು ಅವರೇ ನೋಡಲಿ.

ಒಂದು ಮಾತು ನಿಮ್ಮ ಕೈಯಲ್ಲಿಲ್ಲ, ಆದರೂ ಮೇಲಕ್ಕೆ ಕಳಿಸಬಹುದು. ಯುರೋಪಿನವರು 2015ರಲ್ಲಿ ತಮ್ಮ ಉದ್ದದ ಕಾನೂನನ್ನೇ ಸ್ವಲ್ಪ ಸಡಿಲ ಮಾಡಿದರು. ಕ್ಯಾಬಿನ್ ಮುಂಭಾಗವನ್ನು ಉದ್ದ ಮಾಡಿ, ದುಂಡಗೆ ಮಾಡಿ, ಚಾಲಕನಿಗೆ ಹೆಚ್ಚು ಕಾಣುವ ಹಾಗೆ, ಪೆಟ್ಟು ತಿನ್ನುವ ಹಾಗೆ ಕಟ್ಟಿದರೆ ಆ ಹೆಚ್ಚುವರಿ ಉದ್ದಕ್ಕಾಗಿ ಲೋಡಿನ ಜಾಗ ಬಿಡಬೇಕಾಗಿಲ್ಲ ಅಂದರು. ಅದನ್ನು ಬಳಸಿಕೊಂಡ ಲಾರಿಯನ್ನು 2021ರಲ್ಲಿ ಡಾಫ್ ಕಂಪನಿ ಮೊದಲು ಹೊರತಂದಿತು. ಮುಖ ಚಪ್ಪಟೆಯೇ, ಆದರೆ ಒಂದಿಷ್ಟು ಮುಂದೆ ಬಂದಿದೆ. ಗಾಜಿನ ಕೆಳ ಅಂಚು ಕೆಳಗಿಳಿದಿದೆ. ನಮ್ಮ 12 ಮೀಟರ್‌ಗೂ ಇಂಥದ್ದೊಂದು ಸಡಿಲಿಕೆ ಬಂದರೆ ಮಾಲೀಕನಿಗೆ 84 ಕ್ರೇಟಿನ ನಷ್ಟ ಇಲ್ಲ, ಚಾಲಕನ ಮೊಣಕಾಲಿಗೆ ಒಂದು ಗೇಣಿನ ಬದಲು ಎರಡು ಗೇಣು ಸಿಗುತ್ತದೆ. ಇದನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ನಿಮ್ಮ ಸಮಿತಿಯ ಹೆಸರಲ್ಲಿ ಬರೆಯಿರಿ. ನನ್ನಂಥವನು ಬರೆದ ಕಾಗದಕ್ಕಿಂತ ನಿಮ್ಮ ಕಾಗದಕ್ಕೆ ತೂಕ ಜಾಸ್ತಿ.

ಕೊನೆಯದಾಗಿ, ಸಭೆಯ ಕೋಣೆಯಲ್ಲಿ ಇದನ್ನು ತೀರ್ಮಾನ ಮಾಡುವ ಮೊದಲು ಒಂದು ಬೆಳಗ್ಗೆ ಮಾರುಕಟ್ಟೆಗೆ ಬನ್ನಿ. ಐದು ಗಂಟೆಗೆ ಬಂದರೆ ಒಳ್ಳೆಯದು. ನಮ್ಮ ಲಾರಿ ಅಲ್ಲೇ ಇರುತ್ತದೆ. ಹತ್ತುವಾಗ ಎಡಗಾಲು ಮೊದಲ ಮೆಟ್ಟಿಲಿಗೆ ಇಡಿ, ಕೈಗೆ ಹಿಡಿ ಸಿಗುತ್ತದೆ. ನೀವು ಸೀಟಿನಲ್ಲಿ ಕೂತಿರಿ, ಕನ್ನಡಿಯನ್ನು ಬಟ್ಟೆಯಿಂದ ಮುಚ್ಚುತ್ತೇವೆ. ಅಣ್ಣನ ಮಗ ಬಂಪರ್ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾನೆ. ನೀವು ನೋಡಿ. ಆಮೇಲೆ ಬಟ್ಟೆ ತೆಗೆಯುತ್ತೇವೆ, ಮತ್ತೆ ನೋಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಲಾರಿ ಚಾಲಕ
ಕೋಲಾರ ತಾಲೂಕು